ಗಿಳಿಗೆ ಕನ್ನಡ ಕಲಿಸುವ ನಾವು

ನಾಸಿಕ್‌ನಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ, ಪಂಜರವಿರುವ ಕನ್ನಡಿಗರ ಮನೆಗೆ ಹೋದರೆ ಕಾಫಿಗಿಂತ ಮೊದಲು ಗಿಳಿಯ ಪ್ರದರ್ಶನ. ಅದು ‘ಬನ್ನಿ’ ಎಂದರೆ ನಮಗೆ ರೋಮಾಂಚನ. ಮರಾಠಿ ನಾಡಿನಲ್ಲಿ ಗಿಳಿಯೂ ಕನ್ನಡ ನುಡಿಯಿತೆಂಬ ಈ ಅಭಿಮಾನವನ್ನು ನಾವು ಬಿಡಬೇಕು. (ಆ ಮನೆಯ ಮಕ್ಕಳು ಕನ್ನಡ ಓದಬಲ್ಲರೇ ಎಂಬುದು ಬೇರೆಯೇ ಪ್ರಶ್ನೆ.)

‘ಸಾಕಿದ ಗಿಳಿ’ ಎಂಬ ಮಾತೇ ಒಂದು ಮುಸುಕು. ನಮ್ಮ ಹಸಿರು ಗಿಳಿ ಕೋಳಿಯಂತೆ ತಲೆಮಾರುಗಳಿಂದ ಮನುಷ್ಯರ ಹಟ್ಟಿಯಲ್ಲಿ ಬೆಳೆದದ್ದಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಅದು ಹಳೆಯ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಪುಕ್ಕ ಬಲಿಯುವ ಮುನ್ನವೇ ಮರಿಗಳನ್ನು ಕೈಹಾಕಿ ತೆಗೆದು ಸಂತೆಗೆ ಸಾಗಿಸುತ್ತಾರೆ. ದಾರಿಯಲ್ಲಿ ಸತ್ತವುಗಳ ಲೆಕ್ಕವನ್ನು ಕೊಳ್ಳುವವರು ಕೇಳುವುದಿಲ್ಲ. ‘ನಾವು ಹಿಡಿಯಲಿಲ್ಲ, ಕೊಂಡೆವಷ್ಟೇ’ ಎಂಬ ಸಮಾಧಾನ ಕಾನೂನಿನ ಮುಂದೆ ನಿಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಕ್ಕಿಯನ್ನು ಹಿಡಿಯುವುದು, ಮಾರುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಅಪರಾಧ. 2022ರ ತಿದ್ದುಪಡಿ ಅದನ್ನು ಎರಡನೆಯ ಅನುಸೂಚಿಯಲ್ಲಿರಿಸಿದೆ. ನಮ್ಮಲ್ಲಿ ಅನೇಕರು ಸರ್ಕಾರಿ ನೌಕರರು. ಕಚೇರಿಯಲ್ಲಿ ಉಪನಿಯಮವನ್ನೂ ಬಾಯಿಪಾಠ ಒಪ್ಪಿಸುವವರು ಮನೆಯ ಪಂಜರದ ಬಳಿ ಮಾತ್ರ ಅನಕ್ಷರಸ್ಥರಾಗುತ್ತೇವೆ.

‘ಹೊಟ್ಟೆ ತುಂಬಾ ತಿನ್ನಿಸುತ್ತೇವಲ್ಲ’ ಎನ್ನುವವರುಂಟು. ಸೂರ್ಯಕಾಂತಿ ಬೀಜವನ್ನೇ ತಿಂದ ಗಿಳಿಗೆ ಕೊಬ್ಬು ಬೆಳೆದು ಯಕೃತ್ತು ಕೆಡುತ್ತದೆ. ಅದಕ್ಕಿಂತ ಮಿಗಿಲಾದ ಕೊರತೆ ಬಳಗದ್ದು. ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಕವನ ಸಂಕಲನಕ್ಕೆ ‘ಗಿಳಿವಿಂಡು’ ಎಂದು ಹೆಸರಿಟ್ಟರು. ವಿಂಡು ಎಂದರೆ ಹಿಂಡು. ಗಿಳಿ ಬದುಕುವುದೇ ಹಾಗೆ. ಒಂಟಿಯಾದಾಗ ತನ್ನ ಹಿಂಡಿನ ದನಿಯ ಬದಲು ನಮ್ಮ ದನಿಯನ್ನು ಅನುಕರಿಸುತ್ತದೆ. ಊರವರಿಂದ ದೂರಾದ ನೋವನ್ನು ಪ್ರತಿ ರಾಜ್ಯೋತ್ಸವದ ವೇದಿಕೆಯಲ್ಲಿ ತೋಡಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಸಿಂಹಸ್ಥ ಕುಂಭಮೇಳದ ಸಾಧುಗ್ರಾಮಕ್ಕಾಗಿ ತಪೋವನದ ಮರಗಳನ್ನು ಕಡಿಯುವ ಪ್ರಸ್ತಾಪ 2025ರ ಕೊನೆಯಲ್ಲಿ ಬಂದಾಗ ನಾಸಿಕ್ ಜನ ಪ್ರತಿಭಟಿಸಿದರು. ಒಂದಕ್ಕೆ ಹತ್ತು ಸಸಿ ನೆಟ್ಟರೂ ಪೊಟರೆ ಮೂಡಲು ದಶಕಗಳು ಬೇಕು. ಗಿಳಿಗೆ ಬೇಕಾದದ್ದು ಸಸಿಯಲ್ಲ, ಮುದಿಮರ. ಆದರೆ ತಪೋವನಕ್ಕಾಗಿ ಮರುಗಿ, ಮನೆಗೆ ಬಂದು ಪಂಜರದೊಳಗೆ ಮೆಣಸಿನಕಾಯಿ ಸಿಕ್ಕಿಸುವುದು ಯಾವ ನ್ಯಾಯ?

ಹಾಗೆಂದು ನಾಳೆಯೇ ಬಾಗಿಲು ತೆರೆದು ಹಾರಿಸಿಬಿಡುವುದೂ ಕ್ರೌರ್ಯವೇ. ವರ್ಷಗಟ್ಟಲೆ ರೆಕ್ಕೆ ಬಿಚ್ಚದ ಹಕ್ಕಿ ಆಹಾರ ಹುಡುಕಲಾರದು, ಬೆಕ್ಕಿಗೆ ಹೆದರುವುದನ್ನೂ ಅರಿಯದು. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಕರೆ ಮಾಡಿ ಒಪ್ಪಿಸೋಣ. ಮುಂದಿನ ಮರಿಯನ್ನು ಕೊಳ್ಳದಿರೋಣ.