ಎಣ್ಣೆ ಹಚ್ಚಿದರೆ ಕಪ್ಪು ಎಲ್ಲಿಂದ ಬಂತು?

ನಮ್ಮ ಪಾಲಕೋಡಿನ ಬಸ್ ನಿಲ್ದಾಣದ ಹತ್ತಿರ ಬಿಸಿಲಲ್ಲಿ ನಿಂತ ಬೈಕುಗಳನ್ನು ಒಮ್ಮೆ ನೋಡಿ ಮೇಷ್ಟ್ರೇ. ಪೇಂಟ್ ಹೊಡೆದ ಟ್ಯಾಂಕು ಹೊಳೀತಾ ಇರುತ್ತೆ. ಕನ್ನಡಿಯ ಬೆನ್ನು, ಮಡ್‌ಗಾರ್ಡಿನ ತುದಿ, ಅಂದ್ರೆ ಪೇಂಟ್ ಇಲ್ಲದ ಕರಿ ಪ್ಲಾಸ್ಟಿಕ್ ಮಾತ್ರ ಬೂದಿ ಬಳಿದ ಹಾಗೆ. ಟೊಮೆಟೊ ಮಂಡಿಗೆ ಬರುವ ಚಿಕ್ಕ ಗೂಡ್ಸ್ ಗಾಡಿಗಳ ಬಂಪರಿನದೂ ಇದೇ ಕಥೆ.

ಹತ್ತನೇ ತರಗತಿ ಹುಡುಗನೊಬ್ಬ ಕೇಳಿದ: "ಸಾರ್, ಪ್ಲಾಸ್ಟಿಕ್ ನೂರಾರು ವರ್ಷ ಹಾಳಾಗಲ್ಲ ಅಂತೀರಿ. ನಮ್ಮಪ್ಪನ ಗಾಡಿದು ನಾಲ್ಕೇ ವರ್ಷಕ್ಕೆ ಹಿಂಗಾಯ್ತಲ್ಲ?" ನಾನು "ಬಿಸಿಲಪ್ಪಾ" ಅಂತ ಹೇಳಿ ಪಾಠ ಮುಂದುವರಿಸಿದೆ. ಆಮೇಲೆ ನಾಚಿಕೆಯಾಯಿತು. ಅವನ ಪ್ರಶ್ನೆ ನನ್ನ ಪಾಠಕ್ಕಿಂತ ಸರಿಯಾಗಿತ್ತು. "ಪ್ಲಾಸ್ಟಿಕ್ ಹಾಳಾಗುವುದಿಲ್ಲ" ಎಂಬ ವಾಕ್ಯವನ್ನು ನಾವು ತರಗತಿಯಲ್ಲಿ ಹೇಳುವುದನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಅದು ಮಣ್ಣಲ್ಲಿ ಕೊಳೆಯುವುದು ಬಹಳ ನಿಧಾನ, ನಿಜ. ಬಿಸಿಲಲ್ಲಿ ಒಡೆಯುವುದು ನಿಧಾನವೇನಲ್ಲ.

ಗಾಡಿಯ ಈ ಕರಿ ಭಾಗಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್. ಅದರ ಉದ್ದ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಕಾರ್ಬನ್‌ಗೆ ಮೀಥೈಲ್ ಗುಂಪು ಅಂಟಿದೆ. ಆ ಕಾರ್ಬನ್‌ನಲ್ಲಿರುವ ಹೈಡ್ರೋಜನ್ ಸುಲಭವಾಗಿ ಕಿತ್ತುಕೊಂಡು ಹೋಗುತ್ತೆ. ನೇರಳಾತೀತ ಕಿರಣ ಶುರು ಮಾಡಿದ ಕೆಲಸವನ್ನು ಗಾಳಿಯ ಆಕ್ಸಿಜನ್ ಮುಂದುವರಿಸಿ ಸರಪಳಿಯನ್ನು ತುಂಡು ಮಾಡುತ್ತೆ. ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಏಳುತ್ತವೆ. ಬೆರಳಲ್ಲಿ ಉಜ್ಜಿದರೆ ಪುಡಿ ಅಂಟುವುದೂ ಉಂಟು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬಣ್ಣ ಹೋಯ್ತು ಅಂತ ನಾವಂದುಕೊಳ್ತೀವಿ, ಆದರೆ ಕಪ್ಪು ಹೋಗೇ ಇಲ್ಲ! ಒಳಗಿರುವ ಕಾರ್ಬನ್ ಬ್ಲ್ಯಾಕ್, ಅಂದ್ರೆ ನುಣ್ಣನೆಯ ಮಸಿ, ಬಿಸಿಲಿಗೆ ಬಗ್ಗುವುದಲ್ಲ. ಒರಟಾದ ಮೇಲ್ಮೈ ಬೆಳಕನ್ನು ಎಲ್ಲ ಕಡೆ ಚದುರಿಸುತ್ತೆ, ಆ ಬಿಳಿ ಬೆಳಕು ಕಪ್ಪಿನ ಜೊತೆ ಸೇರಿ ಬೂದು ಕಾಣುತ್ತೆ. ನಂಬಿಕೆ ಬರದಿದ್ದರೆ ಹೊಸ ಕರಿ ಪೆನ್ನಿನ ಮುಚ್ಚಳವನ್ನು ಉಪ್ಪು ಕಾಗದದಿಂದ ಉಜ್ಜಿ. ಬಿಸಿಲೂ ಇಲ್ಲ, ರಾಸಾಯನಿಕವೂ ಇಲ್ಲ, ಅರೆ ನಿಮಿಷದಲ್ಲಿ ಬೂದು! ಅದರ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ, ಕಪ್ಪು ವಾಪಸ್ ಬರುತ್ತೆ. ಪಾಲಿಪ್ರೊಪಿಲೀನ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.49, ಕೊಬ್ಬರಿ ಎಣ್ಣೆಯದು 1.45, ಗಾಳಿಯದು 1. ಎಣ್ಣೆ ಬಿರುಕು ತುಂಬಿದಾಗ ಬೆಳಕಿಗೆ ಆ ಒರಟುತನ ಹೆಚ್ಚುಕಡಿಮೆ ಗೊತ್ತೇ ಆಗಲ್ಲ. ನೀರು 1.33, ಅದಕ್ಕೇ ಮಳೆ ಬಂದಾಗ ಹಳೇ ಬಂಪರ್ ಕಪ್ಪಗೆ ಕಂಡು, ಒಣಗಿದ ಮೇಲೆ ಮತ್ತೆ ಬೂದಾಗುತ್ತೆ. ಒದ್ದೆ ಬಟ್ಟೆ ಗಾಢವಾಗಿ ಕಾಣುವುದೂ, ಬಜ್ಜಿ ಕಟ್ಟಿದ ಕಾಗದ ಪಾರದರ್ಶಕದಂತಾಗುವುದೂ ಇದೇ ಸಂಗತಿ. ವಕ್ರೀಭವನಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಯಾವುದಿದೆ?

ಕೆಂಪು, ನೀಲಿ ಪ್ಲಾಸ್ಟಿಕ್ಕಿಗೆ ಈ ಮಾತು ಪೂರ್ತಿ ಸಲ್ಲದು. ಅಲ್ಲಿ ಎಷ್ಟೋ ಸಲ ಬಣ್ಣದ ಅಣುವೇ ಒಡೆದಿರುತ್ತೆ, ಎಣ್ಣೆ ಅದನ್ನು ತರಲಾರದು. ಬಿಸಿಲಲ್ಲಿಟ್ಟ ಹಳೇ ಕೊಡಕ್ಕೆ ಎಣ್ಣೆ ಹಚ್ಚಿ ನೋಡಿದರೆ ವ್ಯತ್ಯಾಸ ತಿಳಿಯುತ್ತೆ.

ಅಂಗಡಿಯ ಪಾಲಿಶ್ ಬಗ್ಗೆಯೂ ಹೇಳಬೇಕು. ಬಹುಪಾಲು ಸಿಲಿಕೋನ್ ಎಣ್ಣೆ, ಕೊಬ್ಬರಿ ಎಣ್ಣೆಗಿಂತ ಹೆಚ್ಚು ದಿನ ನಿಲ್ಲುತ್ತೆ. ನಾನೂ ನನ್ನ ಬೈಕಿಗೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿದೆ. ಒಂದು ವಾರ ಜಂಬ, ಆಮೇಲೆ ಊರಿನ ಧೂಳೆಲ್ಲ ಅದರ ಮೇಲೆ. ಯಾವುದನ್ನು ಹಚ್ಚಿದರೂ ತುಂಡಾದ ಸರಪಳಿ ಮತ್ತೆ ಕೂಡಲ್ಲ, ರಿಪೇರಿ ಅನ್ನುವುದು ದೊಡ್ಡ ಮಾತು. ಟೈರಿನ ನೆಲ ತಾಗುವ ಭಾಗಕ್ಕೆ, ಬ್ರೇಕಿಗೆ, ಕಾಲಿಡುವ ಕಡೆಗೆ ಪಾಲಿಶ್ ತಾಗಬಾರದು, ಜಾರಿ ಬಿದ್ದೀರಿ. ಬಿಸಿಗಾಳಿ ಯಂತ್ರದಿಂದ ಮೇಲ್ಪದರ ಕರಗಿಸಿ ಹೊಳಪು ತರುವವರೂ ಇದ್ದಾರೆ. ಪೆಟ್ರೋಲ್ ಟ್ಯಾಂಕಿನ ಪಕ್ಕ ಆ ಸಾಹಸ ಮಕ್ಕಳಿಗೆ ತೋರಿಸಬೇಡಿ.

ನಮ್ಮ ಮಕ್ಕಳಿಗೆ ಬೈಕಿಗಿಂತ ಹೊಲ ಹತ್ತಿರ. ಕರಿ ಹನಿ ನೀರಾವರಿ ಪೈಪು ಬಿಸಿಲಲ್ಲೇ ಬಿದ್ದಿದ್ದರೂ ವರ್ಷಗಟ್ಟಲೆ ಬಾಳುತ್ತೆ, ಅದರಲ್ಲಿ ಬೆರೆಸಿದ ಸುಮಾರು ಶೇಕಡಾ 2ರಷ್ಟು ಮಸಿಯೇ ಬೆಳಕನ್ನು ತಡೆದು ಕಾಯುತ್ತೆ. ಬಿಸಿಲಲ್ಲೇ ಬಿಟ್ಟ ಟೊಮೆಟೊ ಕ್ರೇಟಿನ ಅಂಚು ಕೈಯಲ್ಲಿ ಮುರಿದು ಬರುತ್ತೆ. ಮುರಿದ ಚೂರು ಎಲ್ಲಿ ಹೋಗುತ್ತೆ? ಹೊಲದ ಮಣ್ಣಿಗೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ. ಆ ಹುಡುಗನಿಗೆ ನಾನು ಕೊಡಬೇಕಿದ್ದ ಉತ್ತರ ಇದು. ಪ್ಲಾಸ್ಟಿಕ್ ಹಾಳಾಗುತ್ತೆ, ಆದರೆ ಇಲ್ಲವಾಗುವುದಿಲ್ಲ.

ಮಾರನೇ ವಾರ ಅವನೇ ತಂದ ಮಡ್‌ಗಾರ್ಡ್ ತುಂಡಿಗೆ ಟೇಪು ಅಂಟಿಸಿ ನಾಲ್ಕು ಭಾಗ ಮಾಡಿದೆವು: ಒಂದು ಹಾಗೇ, ಒಂದಕ್ಕೆ ನೀರು, ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಪಾಲಿಶ್. ಶಾಲೆಯ ತಾರಸಿ ಮೇಲಿದೆ, ಪ್ರತಿ ಸೋಮವಾರ ಅವನೇ ಹತ್ತಿ ನೋಡಿ ಬರೆದುಕೊಳ್ತಾನೆ. ನಿಮ್ಮ ಶಾಲೆಯಲ್ಲೂ ಒಂದು ಇಡಿ. ಬೇಸಿಗೆ ಮುಗಿದ ಮೇಲೆ ಎರಡೂ ಪಟ್ಟಿಗಳನ್ನು ಇದೇ ಪತ್ರಿಕೆಯಲ್ಲಿ ಅಕ್ಕಪಕ್ಕ ಹಾಕೋಣ.