ಇಂಡಿ ಪುಟದಾಗ ಐಫೆಲ್ ಟವರ್ ಯಾಕ?

ಡಿಜಿಟಲ್ ಜರ್ನಲ್ ಪುಟ ಮಾಡೋ ಹುಚ್ಚು ಈಗ ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಹತ್ತಿದೆ. ಟ್ರಿಪ್ ಮುಗಿಸಿ ಬಂದ ರಾತ್ರಿಯೇ ಫೋಟೊಗಳನ್ನು ಆ್ಯಪಿಗೆ ಹಾಕಿ, ಅಂಚು ಹರಿದಂತೆ ಕತ್ತರಿಸಿ, ಟೇಪು ಅಂಟಿಸಿದಂತೆ ಮಾಡಿ ಸ್ಟೇಟಸ್ಸಿಗೆ ಏರಿಸಿಬಿಡ್ತೀವಿ. ಒಳ್ಳೆಯದೇ. ಗ್ಯಾಲರಿಯಲ್ಲಿ ಸಾವಿರ ಫೋಟೊ ಕೊಳೆಯೋದಕ್ಕಿಂತ ಒಂದು ಪುಟ ಮೇಲು. ನಮ್ಮ ತಕರಾರು ಬೇರೆ. ಬಸವನ ಬಾಗೇವಾಡಿಯ ಬಸವೇಶ್ವರ ಗುಡಿಯ ಪಕ್ಕದಲ್ಲಿ ಐಫೆಲ್ ಟವರಿನ ಸ್ಟಿಕರ್, ಲಂಡನ್ನಿನ ಅಂಚೆ ಮುದ್ರೆ, ಮೂಲೆಯಲ್ಲೊಂದು ಕಾಫಿ ಕಲೆ. ಬಾಗೇವಾಡಿಯಲ್ಲಿ ಕುಡಿದದ್ದು ಚಹಾ ಅಲ್ಲೇನ್ರಿ?

ಟೆಂಪ್ಲೇಟು ಕೆಟ್ಟದ್ದು ಅಂತಲ್ಲ. ಇಂಟರ್ನಲ್ಸ್ ನಡುವೆ ಯಾರಿಗೆ ಟೈಮ್ ಇರ್ತದ? ಆದರೆ ಅದನ್ನು ಮಾಡಿದವರು ಇಂಡಿ, ಸಿಂದಗಿ, ಮುದ್ದೇಬಿಹಾಳ ನೋಡಿದವರಲ್ಲ. ಅವರ ಅಲಂಕಾರ ಹಾಕಿದರೆ ಫೋಟೊ ಮಾತ್ರ ನಮ್ಮದು, ಪುಟ ಅವರದು. ಹತ್ತು ವರ್ಷದ ನಂತರ ತೆಗೆದು ನೋಡಿದರೆ ಅದು ಯಾವ ಊರು ಅಂತ ನಮಗೇ ಗೊತ್ತಾಗಲಿಕ್ಕಿಲ್ಲ.

ಫೋಟೊ, ಚಿತ್ರ, ಬರಹ ಮೂರನ್ನೂ ಒಂದೇ ಕಡೆ ಕೂಡಿಸೋದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ಕಟ್ಟಡಗಳ ಮೇಲೆ ಒಂದು ದೊಡ್ಡ ಪುಸ್ತಕ ಬಂತು. ಕರ್ನಲ್ ಬಿಗ್ಸ್ ಮೊದಲಾದವರ ಫೋಟೊ, ಕ್ಯಾಪ್ಟನ್ ಹಾರ್ಟ್ ಅವರ ನಕ್ಷೆ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹ. ಅದು ಶಹರದ ಪುಸ್ತಕ. ತಾಲೂಕುಗಳ ಪಾಳಿ ನಮ್ಮದು.

ಅಂಟಿಸೋಕೆ ಸ್ಟಿಕರ್ ಬೇಕಿಲ್ಲ, ಬಸ್ ಟಿಕೆಟ್ ಸಾಕು. ಕಂಡಕ್ಟರ್ ಮಷಿನಿನಿಂದ ಬರೋ ಟಿಕೆಟ್ಟಿನ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗ್ತದ, ಅದಕ್ಕೇ ಅವತ್ತೇ ಸ್ಕ್ಯಾನ್ ಮಾಡಿ ಇಡ್ರಿ. ಆ ಲೇಯರನ್ನು ಮಲ್ಟಿಪ್ಲೈ ಮೋಡಿಗೆ ಹಾಕಿದರೆ ಬಿಳಿ ಅಂದರೆ 1, ಕಪ್ಪು ಅಂದರೆ 0. ಕೆಳಗಿನ ಬಣ್ಣವನ್ನು ಅದರಿಂದ ಗುಣಿಸಿದಾಗ ಕಾಗದ ಮಾಯವಾಗಿ ಅಕ್ಷರ ಮಾತ್ರ ಉಳೀತದ. (ಎಂ-3 ಬರೆದದ್ದಕ್ಕೆ ಇಷ್ಟಾದರೂ ಸಮಾಧಾನ.) ನಮ್ಮ ಹುಡುಗಿಯರ ಟಿಕೆಟ್ಟಿನಲ್ಲಿ ದರ ಸೊನ್ನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹಾಗೆ. ಮುಂದೊಂದು ದಿನ ಯಾರಾದರೂ ಆ ಸೊನ್ನೆ ಯಾಕೆ ಅಂತ ಕೇಳ್ತಾರೆ. ಅಂಥ ಪ್ರಶ್ನೆ ಹುಟ್ಟಿಸೋ ತಾಕತ್ತು ಯಾವ ಗುಲಾಬಿ ಹೂವಿನ ಸ್ಟಿಕರಿಗೂ ಇಲ್ಲ.

ಬಣ್ಣದ ಕಥೆಯೂ ಅಷ್ಟೇ. ಆ್ಯಪ್ ಕೊಡೋ ತಿಳಿಗುಲಾಬಿ, ತಿಳಿನೀಲಿ ಬಿಟ್ಟು ಐಡ್ರಾಪರನ್ನು ನಿಮ್ಮದೇ ಫೋಟೊದ ಮೇಲೆ ಒತ್ತಿ ನೋಡ್ರಿ. ಮಳೆ ಬಿದ್ದ ಎರೆ ಭೂಮಿ ಬರೇ ಕಪ್ಪಲ್ಲ, ಅದರೊಳಗ ಸ್ವಲ್ಪ ಕಂದು ಅದ. ಒಣಗಿದ ಜೋಳದ ಕಣಕಿಯ ಬಣ್ಣ ಪುಟದ ಹಿನ್ನೆಲೆಗೆ ಚಲೋ ಒಪ್ತದ. ಇಂಡಿಯ ಲಿಂಬೆಗೆ ಜಿಐ ಮಾನ್ಯತೆಯೇ ಅದ, ಅದರ ಹಳದಿ-ಹಸಿರನ್ನು ಶೀರ್ಷಿಕೆಗೆ ತಗೊಳ್ರಿ. ಸಿಂದಗಿಯಲ್ಲಿ ಫೋಟೊ ತೆಗೆಯೋಕೆ ಏನದ ಅಂತ ಕೇಳೋರಿಗೆ ಒಂದೇ ಮಾತು: ತೊಗರಿ ಹೊಲ, ಅರಳೆ ಹೇರಿದ ಲಾರಿ, ಆ ಲಾರಿಯ ಹಿಂದಿನ ಕನ್ನಡ ಅಕ್ಷರ.

ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಪುಟದ ಮೇಲಿನ ಬರಹ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ಫೋಟೊ ತೆಗೆದರೆ ಕಾಣೋದು ನೀರು, ಆಕಾಶ, ಅಷ್ಟೇ. ಅದು ಯಾವ ಹೊಳೆಯೂ ಆಗಬಹುದು. 1565ರ ಜನವರಿಯಲ್ಲಿ ವಿಜಯನಗರದ ಸೈನ್ಯ ಸೋತ ಯುದ್ಧಕ್ಕೆ ರಕ್ಕಸಗಿ-ತಂಗಡಗಿ ಅನ್ನೋ ಹೆಸರು ಬಂದದ್ದು ಈ ಊರಿನಿಂದ, ಬಸವಣ್ಣನವರ ಪತ್ನಿ ನೀಲಮ್ಮನವರು ಐಕ್ಯರಾದದ್ದು ಇಲ್ಲೇ ಅಂತ ಜನ ನಂಬ್ತಾರೆ. ಇಷ್ಟನ್ನು ಎರಡು ಸಾಲಿನಲ್ಲಿ ಬರೆದು ನೋಡ್ರಿ, ಅದೇ ನೀರು ಬೇರೆ ಕಾಣ್ತದ. ಇಂಡಿ ತಾಲೂಕಿನ ಸಾಲೋಟಗಿಯದು ಇನ್ನೂ ಮಜಾ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಶಾಸನದಲ್ಲಿ ಅಲ್ಲಿನ ವಿದ್ಯಾಕೇಂದ್ರದ ವಿಷಯ ಬರ್ತದ. ವಿದ್ಯಾರ್ಥಿಗಳಿಗೆ 27 ಮನೆ, ಅವರ ದೀಪದ ಖರ್ಚಿಗೇ ಬೇರೆ ಭೂಮಿ. ಹಾಸ್ಟೆಲ್ ಕರೆಂಟ್ ಬಿಲ್ಲಿನ ವ್ಯವಸ್ಥೆ ಸಾವಿರ ವರ್ಷದ ಹಿಂದೆ! ಇದನ್ನು ಯಾವ ಕ್ಯಾಮೆರಾ ಹಿಡೀತದ?

ಇಲ್ಲಿ ಕೆಲವರು ಸಿಟ್ಟಾಗ್ತಾರೆ. ಮಜಾಕ್ಕೆ ಮಾಡೋದನ್ನು ಪ್ರಾಜೆಕ್ಟ್ ರಿಪೋರ್ಟ್ ಮಾಡಬ್ಯಾಡ್ರಿ ಅಂತ. ಎರಡು ಸಾಲಿಗೆ ರಿಪೋರ್ಟ್ ಆಗೋದಿಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸು ಮುಗಿದ ಮೇಲೆ ಕನ್ನಡದಲ್ಲಿ ಪೂರ್ತಿ ಒಂದು ವಾಕ್ಯ ಬರೆಯೋ ಸಂದರ್ಭ ಎಷ್ಟು ಸಲ ಬಂತು? ಸಾಂಸ್ಕೃತಿಕ ಕನ್ನಡದ ಪರೀಕ್ಷೆಯಲ್ಲೂ ಸರಿ ಉತ್ತರ ಆರಿಸಿದರೆ ಮುಗೀತು. ಮನೆಯಲ್ಲಿ ಮಾತಾಡೋ ಭಾಷೆಯನ್ನು ಕೈಯಿಂದ ಬರೆಯೋ ರೂಢಿಯೇ ತಪ್ಪಿದೆ. ಜರ್ನಲ್ ಪುಟಕ್ಕೆ ಮಾರ್ಕ್ಸ್ ಇಲ್ಲ, ಕೆಂಪು ಇಂಕೂ ಇಲ್ಲ. ಬರೆಯೋಕೆ ಇದಕ್ಕಿಂತ ಸಲೀಸು ಜಾಗ ಇಲ್ಲ.

ಟೈಪ್ ಮಾಡಿದರೆ ಒತ್ತಕ್ಷರ ಚದುರಿಹೋಗ್ತದ ಅನ್ನೋದು ನಿಜ. ಫೋಟೋಶಾಪಿನಲ್ಲಿ ಟೈಪ್ ಸೆಟ್ಟಿಂಗಿಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಒತ್ತಿದರೆ ಸರಿಯಾಗ್ತದ. ಗೂಗಲ್ ಫಾಂಟ್ಸಿನಲ್ಲಿ ಹುಬ್ಬಳ್ಳಿ, ಬೆಣ್ಣೆ, ಅನೇಕ್ ಕನ್ನಡ ಪುಕ್ಕಟೆ ಸಿಗ್ತಾವ. ಆದರೂ ನಮ್ಮ ಓಟು ಕೈಬರಹಕ್ಕೆ. ಹಾಳೆಯ ಮೇಲೆ ಪೆನ್ನಿನಿಂದ ಬರೆದು, ಫೋಟೊ ಹೊಡೆದು, ಟಿಕೆಟ್ಟಿಗೆ ಮಾಡಿದ ಹಾಗೇ ಮಲ್ಟಿಪ್ಲೈ ಮಾಡ್ರಿ. ಅಕ್ಷರ ಸೊಟ್ಟಾದರೆ ಆಗಲಿ.

ಕ್ಲಬ್ಬಿನ ಡ್ರೈವಿನಲ್ಲಿ ನಾಲ್ಕು ತಾಲೂಕಿಗೆ ನಾಲ್ಕು ಫೋಲ್ಡರ್ ಮಾಡೀವಿ. ಎ5 ಅಳತೆ, 1748×2480 ಪಿಕ್ಸೆಲ್ ಇರಲಿ, ಮುಂದೆ ಪ್ರಿಂಟ್ ತೆಗೆಸೋಕೆ ಬರ್ತದ. ವಾಟ್ಸಾಪಿನಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸ್ರಿ, ಇಲ್ಲಾಂದ್ರ ಫೋಟೊ ಮಸುಕಾಗ್ತದ. ಊರಿನ ಹೆಸರು, ತಾರೀಖು ಮರೀಬ್ಯಾಡ್ರಿ. ಸಿಂದಗಿ ಫೋಲ್ಡರ್ ಇನ್ನೂ ಖಾಲಿ ಅದ.