ಕೊಡದ ನೀರಿಗೆ ದಂಡ

ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆಯ ಉತ್ಪತ್ತಿಗೆ ಎಡೆಗೊಡುವ ಮನೆಗೆ ಪಟ್ಟಣದಲ್ಲಿ ೪೦೦, ಹಳ್ಳಿಯಲ್ಲಿ ೨೦೦ ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಉದ್ದೇಶವು ಸಾಧುವೇ. ಈಡಿಸ್ ಸೊಳ್ಳೆಯು ಮನೆಯ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಎಂಟು-ಹತ್ತು ದಿನಗಳಲ್ಲಿ ಅದು ಸೊಳ್ಳೆಯಾಗಿ ಹಾರುತ್ತದೆ. ಆದುದರಿಂದ ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದುಮಾಡಿ ಉಜ್ಜಿ ತೊಳೆಯಿರೆಂಬುದು ಉಪದೇಶ. ಆದರೆ ನಲ್ಲಿಯೇ ವಾರಕ್ಕೊಮ್ಮೆ ಬರುವ ಊರಿನ ತಾಯಿಯು ಯಾವ ಧೈರ್ಯದಿಂದ ಹಂಡೆಯನ್ನು ಬರಿದುಮಾಡಿಯಾಳು?

‘ಕೊಡದ ನೀರು’ ಎಂಬಲ್ಲಿ ಶ್ಲೇಷೆಯಿದೆ: ಬಿಂದಿಗೆಯಲ್ಲಿರುವ ನೀರು, ನೀಡದೆ ಉಳಿದ ನೀರು. ಎರಡನೆಯದರಿಂದಲೇ ಮೊದಲನೆಯದು ಒದಗಿತು. ಅದಕ್ಕೆ ದಂಡ ಕೇಳುವುದು ನ್ಯಾಯವಲ್ಲ. ನಲ್ಲಿಯು ನಿತ್ಯವೂ ಹರಿಯಲಿ. ಅಲ್ಲಿಯವರೆಗೆ ಕೊಡದ ಬಾಯಿಗೆ ಬಟ್ಟೆ ಕಟ್ಟುವ ಪಾಠವನ್ನು ನಮ್ಮ ಶಾಲೆಯ ಮಕ್ಕಳು ಮನೆಮನೆಗೆ ಒಯ್ಯಲಿ.